ಎಸಿ–ಫ್ರಿಜ್ ಕೆಲಸ ಕಲಿಯಲು ಕೋರ್ಸೋ, ಮೆಕ್ಯಾನಿಕ್ ಕೈಕೆಳಗಿನ ಕೆಲಸವೋ, ಸ್ವಂತ ಅಭ್ಯಾಸವೋ?

ಏರ್ ಕಂಡಿಷನರ್, ಫ್ರಿಜ್, ಕೋಲ್ಡ್ ರೂಮ್, ಹೀಟ್ ಪಂಪ್ ರಿಪೇರಿಯನ್ನು ವೃತ್ತಿಯಾಗಿ ಕಲಿಯಬೇಕು ಎನ್ನುವವರಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ವರ್ಕ್‌ಶಾಪ್ ಇರುವ ಸಂಸ್ಥೆಯಲ್ಲಿ ಕೋರ್ಸ್ ಸೇರಬಹುದು, ಅನುಭವಿ ಮೆಕ್ಯಾನಿಕ್ ಕೈಕೆಳಗೆ ಸಹಾಯಕರಾಗಿ ಹೋಗಬಹುದು, ಇಲ್ಲವೇ ವಿಡಿಯೊ ಮತ್ತು ಸರ್ವಿಸ್ ಮ್ಯಾನ್ಯುಯಲ್ ಇಟ್ಟುಕೊಂಡು ಹಳೆಯ ಯಂತ್ರದ ಮೇಲೆ ಸ್ವಂತವಾಗಿ ಅಭ್ಯಾಸ ಮಾಡಬಹುದು. ಮೂರನ್ನೂ ಮಾಡಿ ನೋಡಿದವರಾಗಿ ಹೇಳುವುದಾದರೆ, ಇವುಗಳಲ್ಲಿ ಯಾವುದೂ ಎಲ್ಲ ಕೆಲಸಕ್ಕೂ ಮೇಲಲ್ಲ. ಫ್ಲೇರಿಂಗ್‌ಗೆ ಒಂದು ಒಳ್ಳೆಯದು, ವ್ಯಾಕ್ಯೂಮ್‌ಗೆ ಇನ್ನೊಂದು. ಆದರೆ ಅಳತೆಯ ಉಪಕರಣವನ್ನು ಕೈಗೆ ಕೊಟ್ಟು, ‘ಈ ಸಂಖ್ಯೆ ಯಾಕೆ ಬಂತು’ ಎಂದು ಕೇಳುವ ಕಡೆ ಕಲಿತದ್ದೇ ಕೊನೆಗೆ ಉಳಿಯುತ್ತದೆ. ಆದ್ದರಿಂದ ಈ ಹೋಲಿಕೆಯನ್ನು ಕೆಲಸದ ಪ್ರಕಾರ ಮಾಡಿದ್ದೇವೆ.

ಫ್ಲೇರಿಂಗ್

ತಾಮ್ರದ ಪೈಪಿನ ಬಾಯಿಯನ್ನು ಅಗಲಿಸಿ, ನಟ್ಟಿನಿಂದ ಬಿಗಿದು ಜೋಡಿಸುವುದು ಫ್ಲೇರಿಂಗ್. ಇಲ್ಲಿ ಸ್ವಂತ ಅಭ್ಯಾಸವೇ ಗೆಲ್ಲುತ್ತದೆ. ಬೇಕಾಗುವುದು ಪೈಪ್ ಕಟರ್, ರೀಮರ್, 45 ಡಿಗ್ರಿ ಫ್ಲೇರಿಂಗ್ ಟೂಲ್ ಮತ್ತು ತುಂಡು ತಾಮ್ರದ ಪೈಪ್. ಕೋರ್ಸಿನಲ್ಲಿ ಒಬ್ಬೊಬ್ಬರಿಗೆ ನಾಲ್ಕೈದು ಫ್ಲೇರ್ ಮಾಡಲು ಸಿಕ್ಕರೆ ಹೆಚ್ಚು. ಕೈ ಹದಕ್ಕೆ ಬರಲು ಅದು ಸಾಲದು.

ಪೈಪನ್ನು ನಿಧಾನವಾಗಿ ಕತ್ತರಿಸಿ, ಬಾಯಿಯನ್ನು ಕೆಳಮುಖ ಮಾಡಿ ಹಿಡಿದು ಒಳಗಿನ ಅಂಚನ್ನು ರೀಮರ್‌ನಿಂದ ಕೆರೆಯಬೇಕು. ಮೇಲ್ಮುಖವಾಗಿ ಹಿಡಿದರೆ ತಾಮ್ರದ ಚೂರು ಪೈಪಿನೊಳಗೆ ಬಿದ್ದು ಮುಂದೆ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ನಟ್ ತೂರಿಸಿ ಫ್ಲೇರ್ ಮಾಡಬೇಕು. ಹೊಸಬರು ಹೆಚ್ಚಾಗಿ ಮರೆಯುವುದು ಈ ನಟ್ಟನ್ನೇ. ಟೂಲಿನಿಂದ ಪೈಪ್ ಹೆಚ್ಚು ಹೊರಗೆ ಚಾಚಿದ್ದರೆ ಫ್ಲೇರ್ ನಟ್ಟಿನೊಳಗೆ ಕೂರುವುದಿಲ್ಲ, ಕಡಿಮೆಯಾಗಿದ್ದರೆ ಅಂಚು ಕಿರಿದಾಗಿ ಗ್ಯಾಸ್ ಸೋರುತ್ತದೆ.

ಸ್ವಂತ ಅಭ್ಯಾಸ ಮಾಡುವವರು ತಪ್ಪುವುದು ಬಿಗಿಯುವಾಗ. ಕಾಲು ಇಂಚಿನ ನಟ್ಟಿಗೆ ಸುಮಾರು 14ರಿಂದ 18 ನ್ಯೂಟನ್ ಮೀಟರ್, 3/8 ಇಂಚಿನದಕ್ಕೆ 34ರಿಂದ 42, ಅರ್ಧ ಇಂಚಿನದಕ್ಕೆ 49ರಿಂದ 61 ಟಾರ್ಕ್ (ತಿರುಗಿಸುವ ಬಲ) ಬೇಕು. ಕೈ ಅಂದಾಜಿನಲ್ಲಿ ಬಿಗಿಯುವವರು ಸಣ್ಣ ನಟ್ಟನ್ನು ಅತಿಯಾಗಿ ಬಿಗಿದು ಫ್ಲೇರಿನ ಕುತ್ತಿಗೆ ಸೀಳುತ್ತಾರೆ, ದೊಡ್ಡದನ್ನು ಸಡಿಲ ಬಿಡುತ್ತಾರೆ. ಟಾರ್ಕ್ ಸ್ಪ್ಯಾನರ್ ಜೊತೆಗೆ ಇನ್ನೊಂದು ಸ್ಪ್ಯಾನರ್ ಕೊಟ್ಟು ಹಿಡಿಯದಿದ್ದರೆ ಪೈಪ್ ತಿರುಚಿಕೊಳ್ಳುತ್ತದೆ. ಫ್ಲೇರ್ ಜಾಯಿಂಟ್‌ಗೆ ಟೆಫ್ಲಾನ್ ಟೇಪ್ ಸುತ್ತುವುದನ್ನು ಯಾರು ಕಲಿಸಿದರೂ ಕಲಿಯಬೇಡಿ.

ಬ್ರೇಜಿಂಗ್

ಲೋಹದ ರಾಡನ್ನು ಕರಗಿಸಿ ಪೈಪುಗಳನ್ನು ಬೆಸೆಯುವುದು ಬ್ರೇಜಿಂಗ್. ಇದನ್ನು ಕೋರ್ಸಿನಲ್ಲೇ ಕಲಿಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೆಂಕಿ, ಗ್ಯಾಸ್ ಸಿಲಿಂಡರ್, ಹೆಚ್ಚು ಒತ್ತಡದ ನೈಟ್ರೋಜನ್ ಮೂರೂ ಒಟ್ಟಿಗೆ ಇರುವ ಕೆಲಸ ಇದು. ಪಕ್ಕದಲ್ಲಿ ನಿಂತು ನೋಡುವವರು ಬೇಕೇ ಬೇಕು.

ತಾಮ್ರಕ್ಕೆ ತಾಮ್ರ ಕೂಡಿಸಲು ರಂಜಕ ಬೆರೆತ ತಾಮ್ರದ ರಾಡ್ ಸಾಕು, ಫ್ಲಕ್ಸ್ (ಲೋಹದ ಮೇಲ್ಮೈ ಶುಚಿಗೊಳಿಸುವ ಪುಡಿ ಅಥವಾ ಪೇಸ್ಟ್) ಬೇಡ. ಹಿತ್ತಾಳೆ ಅಥವಾ ಉಕ್ಕು ಬಂದಾಗ ಬೆಳ್ಳಿ ಹೆಚ್ಚಿರುವ ರಾಡ್ ಮತ್ತು ಫ್ಲಕ್ಸ್ ಎರಡೂ ಬೇಕು. ರಾಡನ್ನು ಕರಗಿಸಬೇಕಾದದ್ದು ಪೈಪಿನ ಬಿಸಿ, ಜ್ವಾಲೆಯಲ್ಲ. ರಾಡಿಗೇ ಜ್ವಾಲೆ ಕೊಟ್ಟರೆ ಅದು ಹೊರಗೆ ಮುದ್ದೆಯಾಗಿ ಕೂರುತ್ತದೆ, ಜಾಯಿಂಟಿನ ಒಳಗೆ ಹರಿಯುವುದಿಲ್ಲ. ಇಷ್ಟನ್ನು ಹಿರಿಯ ಮೆಕ್ಯಾನಿಕ್ ಕೋರ್ಸಿಗಿಂತ ಚೆನ್ನಾಗಿಯೇ ತೋರಿಸಬಲ್ಲರು.

ಅವರ ಬಳಿ ಬಹಳ ಸಲ ಬಿಟ್ಟುಹೋಗುವುದು ನೈಟ್ರೋಜನ್. ಬ್ರೇಜಿಂಗ್ ಮಾಡುವಷ್ಟು ಹೊತ್ತೂ ಪೈಪಿನೊಳಗೆ ನಿಮಿಷಕ್ಕೆ ಸುಮಾರು 2 ಲೀಟರ್ ನೈಟ್ರೋಜನ್ ಹರಿಯುತ್ತಿರಬೇಕು. ಇಲ್ಲವಾದರೆ ಒಳಗೋಡೆಯಲ್ಲಿ ಕಪ್ಪು ತಾಮ್ರದ ಆಕ್ಸೈಡ್ ಕಟ್ಟಿ, ಆಯಿಲ್ ಜೊತೆ ಹೊರಟು, ದ್ರವದ ಒತ್ತಡ ಇಳಿಸುವ ಕ್ಯಾಪಿಲರಿಯ ಅಥವಾ ಎಕ್ಸ್‌ಪ್ಯಾನ್ಷನ್ ವಾಲ್ವಿನ ಬಾಯಿ ಮುಚ್ಚುತ್ತದೆ. ಹೊರಗಿನಿಂದ ಜಾಯಿಂಟ್ ಹೊಳೆಯುತ್ತಿರುತ್ತದೆ. ತೊಂದರೆ ಬರುವುದು ವಾರಗಳ ನಂತರ, ಆಗ ಅದಕ್ಕೂ ಬ್ರೇಜಿಂಗ್‌ಗೂ ಸಂಬಂಧ ಇದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಅಭ್ಯಾಸಕ್ಕೆ ಮಾಡಿದ ಜಾಯಿಂಟನ್ನು ಉದ್ದಕ್ಕೆ ಸೀಳಿ ಒಳಭಾಗ ತೋರಿಸುವ ವರ್ಕ್‌ಶಾಪ್ ಸಿಕ್ಕರೆ ಅಲ್ಲಿಗೇ ಸೇರಿ.

ಸೋರಿಕೆ ಪರೀಕ್ಷೆ

ಜೋಡಿಸಿದ ಪೈಪುಗಳಲ್ಲಿ ಒತ್ತಡದ ನೈಟ್ರೋಜನ್ ತುಂಬಿ, ಗೇಜ್ ಇಳಿಯುತ್ತದೆಯೇ ಎಂದು ನೋಡುವುದು ಈ ಪರೀಕ್ಷೆ. ನೈಟ್ರೋಜನ್ ಬದಲು ಆಕ್ಸಿಜನ್ ತುಂಬಿದರೆ ಕಂಪ್ರೆಸರ್ ಆಯಿಲ್ ಜೊತೆ ಸೇರಿ ಸ್ಫೋಟವಾಗುತ್ತದೆ. ಮೊದಲ ದಿನವೇ ಹೇಳಬೇಕಾದ ಮಾತು ಇದು. ಒತ್ತಡ ಎಷ್ಟು ಕೊಡಬೇಕೆಂಬುದನ್ನು ಯಂತ್ರದ ನೇಮ್ ಪ್ಲೇಟ್ ನೋಡಿಯೇ ನಿರ್ಧರಿಸಬೇಕು, ರೆಗ್ಯುಲೇಟರ್ ಇಲ್ಲದೆ ಸಿಲಿಂಡರ್ ಜೋಡಿಸಬಾರದು. ಸ್ವಂತವಾಗಿ ಕಲಿಯುವವರಿಗೆ ಗೊತ್ತಾಗದ ಸೂಕ್ಷ್ಮ ಇನ್ನೊಂದಿದೆ: 30 ಬಾರ್ ತುಂಬಿಟ್ಟ ಮೇಲೆ ತಾಪಮಾನ 10 ಡಿಗ್ರಿ ಇಳಿದರೆ, ಸೋರಿಕೆ ಇಲ್ಲದೆಯೇ ಗೇಜ್ ಸುಮಾರು 1 ಬಾರ್ ಇಳಿಯುತ್ತದೆ. ಒತ್ತಡದ ಜೊತೆ ತಾಪಮಾನವನ್ನೂ ಬರೆದಿಟ್ಟವರು ಮಾತ್ರ ಇಲ್ಲದ ಸೋರಿಕೆಯನ್ನು ಹುಡುಕುತ್ತಾ ಕೂರುವುದಿಲ್ಲ.

ವ್ಯಾಕ್ಯೂಮ್

ಗ್ಯಾಸ್ ತುಂಬುವ ಮುನ್ನ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯುವ ಕೆಲಸ ಇದು. ಮೂರು ದಾರಿಗಳ ನಡುವಿನ ಅಂತರ ಎದ್ದು ಕಾಣುವುದು ಇಲ್ಲೇ. ಮೆಕ್ಯಾನಿಕ್ ಕೈಕೆಳಗೆ ಸಾಮಾನ್ಯವಾಗಿ ಸಿಗುವ ಪಾಠ ‘ಅರ್ಧ ಗಂಟೆ ಪಂಪ್ ಓಡಿಸು, ಮುಳ್ಳು ಕೆಳಗೆ ಹೋದರೆ ಮುಗಿಯಿತು’ ಎಂಬುದು. ಆ ಮುಳ್ಳು ಹೇಳುವುದು ಸಾಲದು. ಮ್ಯಾನಿಫೋಲ್ಡ್ ಗೇಜ್ 29 ಇಂಚು (ಪಾದರಸದ ಅಳತೆ) ವ್ಯಾಕ್ಯೂಮ್ ತೋರಿಸುವಾಗಲೂ ಒಳಗೆ ಸುಮಾರು 23,000 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಪಾದರಸದ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ) ಒತ್ತಡ ಉಳಿದಿರುತ್ತದೆ. 25 ಡಿಗ್ರಿಯಲ್ಲಿ ನೀರು ಕುದಿಯಲು ಶುರುವಾಗುವುದೇ ಹೆಚ್ಚುಕಡಿಮೆ ಆ ಮಟ್ಟದಲ್ಲಿ. ಅಂದರೆ ಮುಳ್ಳು ತಳ ಮುಟ್ಟಿದಾಗ ತೇವ ಹೊರಡುವ ಕೆಲಸ ಆಗಷ್ಟೇ ಆರಂಭವಾಗಿರುತ್ತದೆ. ತಲುಪಬೇಕಾದ ಗುರಿ 500 ಮೈಕ್ರಾನ್ ಅಥವಾ ಅದಕ್ಕೂ ಕೆಳಗೆ, ಮತ್ತು ಅದನ್ನು ತೋರಿಸುವುದು ಮೈಕ್ರಾನ್ ಗೇಜ್ ಮಾತ್ರ.

ಗೇಜನ್ನು ಪಂಪಿನ ಪಕ್ಕ ಕಟ್ಟಬಾರದು, ಪಂಪಿನಿಂದ ದೂರದ ತುದಿಯಲ್ಲಿ, ಸಿಸ್ಟಮ್‌ ಕಡೆಗೆ ಕಟ್ಟಬೇಕು. ಸರ್ವಿಸ್ ಪೋರ್ಟಿನ ಕೋರ್ (ಒಳಗಿನ ಪುಟ್ಟ ವಾಲ್ವ್) ತೆಗೆದು, ಕಾಲು ಇಂಚಿನ ಹೋಸ್ ಬದಲು 3/8 ಇಂಚಿನದನ್ನು ಹಾಕಿದರೆ ಸಮಯ ಬಹಳ ಉಳಿಯುತ್ತದೆ. ಗುರಿ ಮುಟ್ಟಿದ ಮೇಲೆ ವಾಲ್ವ್ ಮುಚ್ಚಿ ಹತ್ತು ನಿಮಿಷ ಕಾಯಬೇಕು. ಸಂಖ್ಯೆ ಗುರಿಗಿಂತ ಸಾಕಷ್ಟು ಮೇಲೇರಿ ಒಂದು ಕಡೆ ನಿಂತರೆ ಒಳಗೆ ತೇವ ಇದೆ, ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ ಇದೆ. ಪಂಪಿನ ಆಯಿಲ್ ಹಾಲುಬಣ್ಣಕ್ಕೆ ತಿರುಗಿದ್ದರೆ ಎಷ್ಟು ಹೊತ್ತು ಓಡಿಸಿದರೂ ಕೆಳಗಿಳಿಯುವುದಿಲ್ಲ; ಮೊದಲು ಆಯಿಲ್ ಬದಲಿಸಬೇಕು.

ಹಳೆಯ ಆರ್‌-22 ಗ್ಯಾಸಿನ ಯಂತ್ರಗಳ ಮಿನರಲ್ ಆಯಿಲ್ ತೇವವನ್ನು ಅಷ್ಟಾಗಿ ಹೀರುತ್ತಿರಲಿಲ್ಲ. ಆರ್‌-410ಎ, ಆರ್‌-32 ಯಂತ್ರಗಳಲ್ಲಿರುವ ಪಾಲಿಯೆಸ್ಟರ್ ಆಯಿಲ್ ಗಾಳಿಯಿಂದಲೇ ತೇವ ಎಳೆದುಕೊಂಡು, ಅದರಿಂದ ಆಮ್ಲವಾಗಿ, ಕಂಪ್ರೆಸರ್ ವೈಂಡಿಂಗ್ ಕೆಡಿಸುತ್ತದೆ. ಹಿಂದೆ ನಡೆದುಹೋಗುತ್ತಿದ್ದ ಪದ್ಧತಿ ಈಗ ನಡೆಯದಿರಲು ಕಾರಣ ಇದು. ಈ ವಿಷಯದಲ್ಲಿ ಒಳ್ಳೆಯ ಕೋರ್ಸ್ ಮತ್ತು ಕಂಪನಿಗಳ ಕಿರು ತರಬೇತಿ ಎರಡೂ ಚೆನ್ನ.

ಗ್ಯಾಸ್ ತುಂಬುವುದು, ದೋಷ ಹಿಡಿಯುವುದು

ಕೋರ್ಸಿನಲ್ಲಿ ಸೂಪರ್‌ಹೀಟ್, ಸಬ್‌ಕೂಲಿಂಗ್ ಎಂದರೇನು ಎಂದು ಬರೆಸುತ್ತಾರೆ: ಗ್ಯಾಸ್ ತನ್ನ ಕುದಿಯುವ ತಾಪಮಾನಕ್ಕಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯಿದೆ ಎಂಬುದು ಮೊದಲನೆಯದು, ದ್ರವ ತಾನು ದ್ರವವಾಗುವ ತಾಪಮಾನಕ್ಕಿಂತ ಎಷ್ಟು ಡಿಗ್ರಿ ತಣ್ಣಗಿದೆ ಎಂಬುದು ಎರಡನೆಯದು. ಅದು ಮನಸ್ಸಿಗೆ ಇಳಿಯುವುದು ಕೆಟ್ಟ ಯಂತ್ರಗಳ ಮುಂದೆ ನಿಂತಾಗಲೇ. ದೋಷ ಪತ್ತೆಯಲ್ಲಿ ಮೆಕ್ಯಾನಿಕ್ ಜೊತೆಗಿನ ಕೆಲಸಕ್ಕೆ ಸಾಟಿಯಿಲ್ಲ, ಆದರೆ ಕಲಿಯುವವರ ಕೈಯಲ್ಲಿ ಪೈಪಿಗೆ ಕಟ್ಟುವ ಥರ್ಮಾಮೀಟರ್ ಇರಬೇಕು.

ಉದಾಹರಣೆಗೆ, ಆರ್‌-410ಎ ಇರುವ, ಕಂಪ್ರೆಸರ್ ಒಂದೇ ವೇಗದಲ್ಲಿ ಓಡುವ ಯಂತ್ರ. ಸಕ್ಷನ್ (ಕಂಪ್ರೆಸರಿಗೆ ಗ್ಯಾಸ್ ಮರಳುವ ಪೈಪಿನ) ಒತ್ತಡ ಇರಬೇಕಾದ 118 ಪಿಎಸ್‌ಐ ಬದಲು 98 ಪಿಎಸ್‌ಐ ಇದೆ. ಗೇಜ್ ಮಾತ್ರ ನೋಡುವವರು ‘ಗ್ಯಾಸ್ ಕಡಿಮೆ’ ಎಂದು ಸಿಲಿಂಡರ್ ತರುತ್ತಾರೆ. 98 ಪಿಎಸ್‌ಐಗೆ ಕುದಿಯುವ ತಾಪಮಾನ ಸುಮಾರು ಮೈನಸ್ 1 ಡಿಗ್ರಿ. ಸಕ್ಷನ್ ಪೈಪ್ 14 ಡಿಗ್ರಿ ಇದ್ದರೆ ಸೂಪರ್‌ಹೀಟ್ 15. ಆಗ ಗ್ಯಾಸ್ ಕಡಿಮೆ ಇದೆ, ಇಲ್ಲವೇ ಎಲ್ಲೋ ಕಟ್ಟಿಕೊಂಡಿದೆ. ಈ ಎರಡರಲ್ಲಿ ಯಾವುದು ಎಂಬುದನ್ನು ಸಬ್‌ಕೂಲಿಂಗ್ ಹೇಳುತ್ತದೆ: ಅದೂ ಕಡಿಮೆಯಿದ್ದರೆ ಗ್ಯಾಸ್ ಕೊರತೆ, ಸರಿಯಿದ್ದರೆ ಅಥವಾ ಹೆಚ್ಚಿದ್ದರೆ ತಡೆ. ಅದೇ 98 ಪಿಎಸ್‌ಐಗೆ ಪೈಪ್ ಬರೀ 1 ಡಿಗ್ರಿ ಇದ್ದರೆ ಸೂಪರ್‌ಹೀಟ್ 2 ಮಾತ್ರ. ಗ್ಯಾಸ್ ಸಾಕಷ್ಟಿದೆ, ಗಾಳಿ ಸಾಲುತ್ತಿಲ್ಲ. ಫಿಲ್ಟರ್, ಬ್ಲೋವರ್, ಕಾಯಿಲ್ ನೋಡಬೇಕು. ಇಲ್ಲಿ ಗ್ಯಾಸ್ ಸೇರಿಸಿದರೆ ದ್ರವ ಕಂಪ್ರೆಸರಿಗೆ ಮರಳಿ ಅದನ್ನೇ ಮುರಿಯುತ್ತದೆ.

ಇನ್‌ವರ್ಟರ್ ಎಸಿಯಲ್ಲಿ ಕಂಪ್ರೆಸರ್ ವೇಗ ಬದಲಾಗುತ್ತಿರುವುದರಿಂದ ಒತ್ತಡ ನೋಡಿ ಗ್ಯಾಸ್ ಹಾಕುವುದು ಸರಿಯಲ್ಲ. ಇರುವ ಗ್ಯಾಸನ್ನು ರಿಕವರಿ ಯಂತ್ರದಿಂದ ಸಿಲಿಂಡರಿಗೆ ತೆಗೆದು, ವ್ಯಾಕ್ಯೂಮ್ ಮಾಡಿ, ನೇಮ್ ಪ್ಲೇಟಿನಷ್ಟು ತೂಕ ಮಾಡಿ ತುಂಬಬೇಕು. ರಿಕವರಿ ಸಿಲಿಂಡರ್ ಶೇ 80ಕ್ಕಿಂತ ಹೆಚ್ಚು ತುಂಬಬಾರದು. ಆರ್‌-410ಎ ಮಿಶ್ರಣವಾದ್ದರಿಂದ ದ್ರವ ರೂಪದಲ್ಲೇ ಹೋಗಬೇಕು. ಹೀಟ್ ಪಂಪ್ ಬಿಸಿ ಮಾಡುವ ಸ್ಥಿತಿಯಲ್ಲಿರುವಾಗ ದಪ್ಪ ಪೈಪಿನಲ್ಲಿ ಹೈ ಪ್ರೆಷರ್ ಇರುತ್ತದೆ. ಅಭ್ಯಾಸಬಲದಿಂದ ಲೋ ಸೈಡ್ (ಕಡಿಮೆ ಒತ್ತಡದ ಕಡೆಯ) ಗೇಜ್ ಅಲ್ಲಿ ಕಟ್ಟಿದರೆ ಗೇಜ್ ಹಾಳಾಗುತ್ತದೆ.

ವಿದ್ಯುತ್

ಕೋರ್ಸ್ ಮುಂದಿದೆ, ಅನುಮಾನವಿಲ್ಲ. ಸರ್ಕ್ಯೂಟ್ ಓದುವುದನ್ನು ಕೂತು ಕಲಿಯಬೇಕು, ಸೈಟಿನ ಅವಸರದಲ್ಲಿ ಅದು ಆಗದು. ಸಿಂಗಲ್ ಫೇಸ್ ಕಂಪ್ರೆಸರಿನ ಮೂರು ಟರ್ಮಿನಲ್‌ಗಳಲ್ಲಿ ಕಾಮನ್–ರನ್ 2 ಓಮ್, ಕಾಮನ್–ಸ್ಟಾರ್ಟ್ 5 ಓಮ್ ಇದ್ದರೆ ರನ್–ಸ್ಟಾರ್ಟ್ 7 ಓಮ್ ಬರಬೇಕು. ಕಾಮನ್‌ನಿಂದ ಎರಡೂ ಕಡೆ ಓಪನ್ (ಸಂಪರ್ಕ ಇಲ್ಲ) ಎಂದು ತೋರಿಸಿ ರನ್–ಸ್ಟಾರ್ಟ್ ಸರಿಯಿದ್ದರೆ, ಒಳಗಿನ ಓವರ್‌ಲೋಡ್ ಸ್ವಿಚ್ ಬಿಸಿಯಿಂದ ತೆರೆದಿರಬಹುದು. ಕಂಪ್ರೆಸರ್ ಪೂರ್ತಿ ತಣ್ಣಗಾಗುವವರೆಗೆ ಕಾದು ಮತ್ತೆ ಅಳೆಯಬೇಕು. ಹಾಗೆ ಕಾಯದೆ ಒಳ್ಳೆಯ ಕಂಪ್ರೆಸರನ್ನು ಕಳಚಿ ಎಸೆಯುವವರು ಇದ್ದಾರೆ. ಕೆಪಾಸಿಟರನ್ನು ಮುಟ್ಟುವ ಮುನ್ನ ರೆಸಿಸ್ಟರ್ ಕೊಟ್ಟು ಡಿಸ್ಚಾರ್ಜ್ ಮಾಡುವ ಅಭ್ಯಾಸವೂ ಇಲ್ಲೇ ಕೂರಬೇಕು.

ಉರಿಯುವ ಗ್ಯಾಸ್‌ಗಳು

ಈ ಭಾಗದಲ್ಲಿ ಸ್ವಂತ ಅಭ್ಯಾಸ ಬೇಡವೇ ಬೇಡ. ಪ್ರೊಪೇನ್ ಆದ ಆರ್‌-290 ಗಾಳಿಯಲ್ಲಿ ಶೇ 2.1ರಷ್ಟು ಸೇರಿದರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಆರ್‌-600ಎಗೆ ಶೇ 1.8 ಸಾಕು. ಆರ್‌-32 ಹೊತ್ತಲು ಶೇ 14ಕ್ಕೂ ಹೆಚ್ಚು ಬೇಕು, ಆದರೂ ಅದು ಉರಿಯುವ ಗ್ಯಾಸೇ. ಮೂರೂ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತವೆ. ಇಂಥ ಫ್ರಿಜ್ ತೆರೆಯುವಾಗ ಜಾಯಿಂಟನ್ನು ಟಾರ್ಚ್‌ನಿಂದ ಬಿಡಿಸಬಾರದು. ಗ್ಯಾಸ್ ತೆಗೆದು, ನೈಟ್ರೋಜನ್ ಹಾಯಿಸಿ, ಕಟರ್‌ನಿಂದ ಕತ್ತರಿಸಬೇಕು. ಆರ್‌-600ಎ ಫ್ರಿಜ್‌ನಲ್ಲಿ ಲೋ ಸೈಡ್ ಒತ್ತಡ ಓಡುವಾಗ ವಾತಾವರಣಕ್ಕಿಂತ ಕಡಿಮೆ ಇರುವುದರಿಂದ ಸೋರಿಕೆಯಿದ್ದರೆ ಗಾಳಿಯೇ ಒಳಗೆ ನುಗ್ಗುತ್ತದೆ. ತುಂಬುವ ಪ್ರಮಾಣವೂ ಕೆಲವು ಹತ್ತು ಗ್ರಾಂ ಅಷ್ಟೇ. 5 ಗ್ರಾಂ ಹೆಜ್ಜೆಯ ತಕ್ಕಡಿ ಸಾಲದು, 1 ಗ್ರಾಂ ತೋರಿಸುವುದು ಬೇಕು.

ಆರಿಸುವುದು ಹೇಗೆ

ನಾವು ಹೇಳುವ ಕ್ರಮ: ಮೊದಲು ಕೈಕೆಲಸ ಹೆಚ್ಚಿರುವ ಕೋರ್ಸ್, ಕೂಡಲೇ ಮೆಕ್ಯಾನಿಕ್ ಕೈಕೆಳಗೆ ಕನಿಷ್ಠ ಒಂದು ಬೇಸಿಗೆ ಮತ್ತು ಒಂದು ಚಳಿಗಾಲ, ಫ್ಲೇರಿಂಗ್ ಹಾಗೂ ಸರ್ಕ್ಯೂಟ್ ಓದುವುದಕ್ಕೆ ಸ್ವಂತ ಅಭ್ಯಾಸ ಇದ್ದೇ ಇರಲಿ. ಹಣದ ತೊಂದರೆಯಿಂದ ಕೋರ್ಸ್ ಆಗದವರು ಮೆಕ್ಯಾನಿಕ್ ಕೈಕೆಳಗೇ ಶುರು ಮಾಡಿ, ಮೊದಲ ಸಂಬಳದಲ್ಲಿ ಕ್ಲ್ಯಾಂಪ್ ಮೀಟರ್ ಮತ್ತು ಪೈಪ್ ಥರ್ಮಾಮೀಟರ್ ಕೊಳ್ಳಲಿ. ಗ್ಯಾಸ್ ಮುಟ್ಟಲು ಸರ್ಟಿಫಿಕೇಟ್ ಕಡ್ಡಾಯವಾಗಿರುವ ದೇಶದಲ್ಲಿ ಅದನ್ನು ಕೊಡುವ ಅಧಿಕಾರ ಸಂಸ್ಥೆಗೆ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಕೋರ್ಸಿಗೆ ಹಣ ಕಟ್ಟುವ ಮುನ್ನ ವರ್ಕ್‌ಶಾಪ್ ಒಳಗೆ ಹೋಗಿ ನೋಡಿ. ಒಂದು ಬ್ರೇಜಿಂಗ್ ಟಾರ್ಚ್‌ಗೆ ಎಷ್ಟು ಜನ, ಮೈಕ್ರಾನ್ ಗೇಜ್ ಮತ್ತು ರಿಕವರಿ ಯಂತ್ರ ಓಡುವ ಸ್ಥಿತಿಯಲ್ಲಿವೆಯೇ, ಬೇಕೆಂದೇ ದೋಷ ಹಾಕಿಟ್ಟ ಇನ್‌ವರ್ಟರ್ ಯಂತ್ರ ಇದೆಯೇ ಎಂದು ಕೇಳಿ. ಮೆಕ್ಯಾನಿಕ್ ಬಳಿ ಸೇರುವ ಮುನ್ನ ಅವರ ಗಾಡಿಯಲ್ಲಿ ನೈಟ್ರೋಜನ್ ಸಿಲಿಂಡರ್ ಮತ್ತು ತಕ್ಕಡಿ ಇದೆಯೇ ನೋಡಿ. ಎರಡೂ ಇಲ್ಲದವರ ಜೊತೆ ವರ್ಷ ಕಳೆದರೆ, ಕಲಿತದ್ದರಲ್ಲಿ ಅರ್ಧವನ್ನು ಮುಂದೆ ಬಿಡಬೇಕಾಗುತ್ತದೆ.