ಗಿಟಾರ್ ಆಂಪ್‌ನಲ್ಲಿ ಬೇಸ್: ಬಾಸ್ ಕಟಾನಾ 50 ಮಾರ್ಕ್ 2 ಎಷ್ಟರಮಟ್ಟಿಗೆ ಒದಗುತ್ತದೆ?

ಬಾಸ್ ಕಂಪನಿಯ ಕಟಾನಾ 50 ಮಾರ್ಕ್ 2 ಎಲೆಕ್ಟ್ರಿಕ್ ಗಿಟಾರಿಗೆಂದೇ ತಯಾರಾದ ಆಂಪ್, ಅಂದರೆ ವಾದ್ಯದ ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್. 12 ಇಂಚಿನ ಒಂದು ಸ್ಪೀಕರ್, 50 ವಾಟ್ ಶಕ್ತಿ, ಅದನ್ನು 25ಕ್ಕೋ 0.5 ವಾಟಿಗೋ ಇಳಿಸುವ ಸೌಲಭ್ಯ, ಆಯ್ದುಕೊಳ್ಳಲು ಐದು ಬಗೆಯ ನಾದ ಇದರಲ್ಲಿವೆ. ಗಿಟಾರ್ ವಾದಕರು ಇದನ್ನು ಮೆಚ್ಚಿರುವುದು ಸಹಜ. ಆದರೆ ಮನೆಯಲ್ಲಿ ಇಂಥ ಆಂಪ್ ಇರುವಾಗ ಮಂದ್ರ ಸ್ವರಗಳ ಗಿಟಾರಾದ ಬೇಸ್‌ಗೆಂದು ಇನ್ನೊಂದನ್ನು ಕೊಳ್ಳಲೇಬೇಕೇ ಎಂಬ ಪ್ರಶ್ನೆ ಅನೇಕರದು. ನಾಲ್ಕು ತಂತಿಯ ಬೇಸನ್ನು ಇದಕ್ಕೆ ಜೋಡಿಸಿ ನುಡಿಸಿದ ಮೇಲೆ ನನಗನ್ನಿಸಿದ್ದು ಇಷ್ಟು: ಒಬ್ಬರೇ ಕುಳಿತು ಅಭ್ಯಾಸ ಮಾಡುವುದಕ್ಕೆ ಇದು ಧಾರಾಳವಾಗಿ ಸಾಕು, ಡ್ರಮ್ಸ್ ಜೊತೆ ನುಡಿಸುವುದಕ್ಕೆ ಸಲ್ಲದು.

ಕಾರಣವಿರುವುದು ಸ್ಪೀಕರಿನಲ್ಲಿ. ಗಿಟಾರಿನ ದಪ್ಪ ಇ ತಂತಿಯ ಕಂಪನ ಸುಮಾರು 82 ಹರ್ಟ್ಸ್. ಬೇಸ್‌ನ ಇ ತಂತಿ ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಸುಮಾರು 41 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಅಷ್ಟೇ ಮಟ್ಟದ ಸದ್ದನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಬೇಕಾದರೆ ಸ್ಪೀಕರಿನ ಕೋನ್, ಅಂದರೆ ಕಂಪಿಸಿ ಸದ್ದು ಹೊರಡಿಸುವ ಶಂಕುವಿನಾಕಾರದ ಹಾಳೆ, ನಾಲ್ಕು ಪಟ್ಟು ಹೆಚ್ಚು ಹಿಂದೆ ಮುಂದೆ ಚಲಿಸಬೇಕಾಗುತ್ತದೆ. ಗಿಟಾರ್ ಸ್ಪೀಕರಿನ ಹಗುರವಾದ ಕೋನ್‌ಗೆ ಅಷ್ಟು ಚಲಿಸುವ ಅವಕಾಶವಿರುವುದಿಲ್ಲ. ಜೊತೆಗೆ ಪೆಟ್ಟಿಗೆಯ ಹಿಂಬದಿ ತೆರೆದಿರುವುದರಿಂದ ಕೋನನ್ನು ಹಿಡಿದು ನಿಲ್ಲಿಸುವ ಗಾಳಿಯ ಒತ್ತಡ ಒಳಗೆ ಉಳಿಯುವುದಿಲ್ಲ, ಹಿಂದಿನಿಂದ ಹೊರಟ ಅಲೆ ಮುಂದಿನ ಅಲೆಯೊಡನೆ ಬೆರೆತು ಮಂದ್ರದ ಬಹುಪಾಲನ್ನು ಅಳಿಸಿಬಿಡುತ್ತದೆ.

ಹಾಗಿದ್ದೂ ಇ ತಂತಿ ಇ ಆಗಿಯೇ ಕೇಳಿಸುತ್ತದೆ. ತಂಬೂರಿಯ ಮಂದ್ರ ತಂತಿಯಿಂದ ಗಾಂಧಾರ ಹೊಮ್ಮುವುದನ್ನು ಗಮನಿಸಿದವರಿಗೆ ಅನುಸ್ವರಗಳ, ಅಂದರೆ ಮೂಲಸ್ವರದೊಡನೆ ತಾವಾಗಿ ಹುಟ್ಟುವ ಮೇಲಿನ ಸ್ವರಗಳ, ಪರಿಚಯವಿರುತ್ತದೆ. 82, 123 ಹರ್ಟ್ಸ್‌ನ ಅನುಸ್ವರಗಳು ತಲುಪಿದರೆ ಸಾಕು, ಕಿವಿ ತಾನಾಗಿ ಮೂಲಸ್ವರವನ್ನು ಗ್ರಹಿಸುತ್ತದೆ. ಶ್ರುತಿ, ಬೆರಳುಗಾರಿಕೆ, ಲಯ ಇವನ್ನು ತಿದ್ದಿಕೊಳ್ಳುವುದಕ್ಕೆ ಅಷ್ಟು ನಾದ ಸಾಲುತ್ತದೆ. ಎದೆಗೆ ತಟ್ಟುವ ಗುಡುಗು ಮಾತ್ರ ಸಿಗುವುದಿಲ್ಲ.

ಬೇಸ್‌ಗೆ ಅತ್ಯಂತ ಹೊಂದಿದ್ದು ‘ಅಕೂಸ್ಟಿಕ್’ ಎಂಬ ಆಯ್ಕೆ, ಏಕೆಂದರೆ ಉಳಿದವುಗಳಷ್ಟು ಅದು ನಾದಕ್ಕೆ ತನ್ನ ಬಣ್ಣ ಬಳಿಯುವುದಿಲ್ಲ. ಒಳಬರುವ ಸಂಕೇತವನ್ನು ಹಿಗ್ಗಿಸುವ ಗೇನ್ ಕಡಿಮೆ ಇರಲಿ, ಮಂದ್ರವನ್ನು ಏರಿಳಿಸುವ ಬೇಸ್ ಗುಂಡಿ ನಡುವಿಗಿಂತ ಕೆಳಗಿರಲಿ, ಮಧ್ಯದ ಸ್ವರಗಳ ಮಿಡ್ಲ್ ಗುಂಡಿ ತುಸು ಮೇಲಿರಲಿ. ಮಂದ್ರ ಸಾಲದೆಂದು ಬೇಸ್ ಗುಂಡಿಯನ್ನು ಏರಿಸುವ ಆಸೆಯನ್ನು ತಡೆದುಕೊಳ್ಳಬೇಕು. ಸ್ಪೀಕರ್ ಕೊಡಲಾರದ್ದನ್ನೇ ಮತ್ತೆ ಮತ್ತೆ ಕೇಳಿದಂತಾಗುತ್ತದೆ. ಕೋನ್ ಪಟಪಟನೆ ಬಡಿಯುವ ಸದ್ದು ಬಂದರೆ ತಕ್ಷಣ ವಾಲ್ಯೂಮ್ ಇಳಿಸಬೇಕು. ಶಕ್ತಿಯನ್ನು 0.5 ವಾಟಿಗೆ ಇಳಿಸುವ ಸೌಲಭ್ಯ ಬೇಸ್ ವಾದಕರಿಗೆ ನಿಜವಾದ ರಕ್ಷಣೆ, ಮನೆಯ ಕೋಣೆಗೆ ಆ ಸದ್ದು ಸಾಕು. ರಾತ್ರಿಯ ಅಭ್ಯಾಸಕ್ಕೆ ಹೆಡ್‌ಫೋನ್ ಜೋಡಿಸಿಕೊಂಡರಂತೂ ಈ ಸ್ಪೀಕರಿನ ಮಿತಿಯೇ ಅಡ್ಡಬರುವುದಿಲ್ಲ.

ಗಿಟಾರನ್ನು ಬೇಸ್ ಆಂಪ್‌ನಲ್ಲಿ ನುಡಿಸುವುದಕ್ಕೆ ಇಂಥ ಯಾವ ಭಯವೂ ಇಲ್ಲ. ಫೆಂಡರ್ 1952ರಲ್ಲಿ ಬೇಸ್‌ಗೆಂದು ತಂದ ‘ಬೇಸ್‌ಮನ್’ ಆಂಪನ್ನು ಗಿಟಾರ್ ವಾದಕರು ತಮ್ಮದಾಗಿಸಿಕೊಂಡರು. ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅದರ ಮಾದರಿಯಲ್ಲೇ ಜೆಟಿಎಂ45 ಎಂಬ ಆಂಪ್ ಕಟ್ಟಿಸಿದರು. ಹೀಗಾಗಿ ಎರಡೂ ವಾದ್ಯ ನುಡಿಸುವವರು ಒಂದೇ ಆಂಪ್ ಕೊಳ್ಳುವುದಾದರೆ ಬೇಸ್ ಆಂಪ್ ಕೊಳ್ಳುವುದೇ ಮೇಲು. ಕಟಾನಾ ಈಗಾಗಲೇ ಮನೆಯಲ್ಲಿದ್ದರೆ ಅಭ್ಯಾಸಕ್ಕೆ ನಿಶ್ಚಿಂತೆಯಿಂದ ಬಳಸಬಹುದು, ತಂಡದೊಡನೆ ನುಡಿಸುವ ದಿನ ವಾದ್ಯದ ಸಂಕೇತವನ್ನು ಮಿಕ್ಸರ್‌ಗೆ ಹೊಂದುವಂತೆ ಮಾಡುವ ಡಿಐ ಬಾಕ್ಸ್ ಮೂಲಕ ಬೇಸನ್ನು ನೇರವಾಗಿ ಮಿಕ್ಸರ್‌ಗೆ ಕಳುಹಿಸಬೇಕು. ಐದು ತಂತಿಯ ಬೇಸ್ ಇರುವವರಿಗೆ ಮಾತ್ರ ನಾನು ಇದನ್ನು ಅಭ್ಯಾಸಕ್ಕೂ ಹೇಳಲಾರೆ. ಅದರ ಬಿ ತಂತಿ ಸುಮಾರು 31 ಹರ್ಟ್ಸ್‌ಗೆ ಇಳಿಯುತ್ತದೆ.