ಚೀನೀ ಅಕ್ಷರದ ಗೆರೆಗಳ ಕ್ರಮ: ತಿದ್ದುವ ಪುಸ್ತಕ, ಆ್ಯಪ್, ನೀರಿನ ಕುಂಚ

ಚೀನೀ ಲಿಪಿಯಲ್ಲಿ ಅಕ್ಷರದ ರೂಪವನ್ನು ತಿಳಿದರೆ ಸಾಲದು. ಅದರ ಗೆರೆಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದೂ ಕೈಗೆ ಗೊತ್ತಿರಬೇಕು. ಈ ಕ್ರಮವನ್ನು ಕಲಿಯಲು ನಾನು ಮೂರು ಸಾಧನಗಳನ್ನು ಬಳಸಿ ನೋಡಿದ್ದೇನೆ: ತಿದ್ದುವ ಪುಸ್ತಕ, ಫೋನಿನ ಆ್ಯಪ್, ಮತ್ತು ನೀರಿನಲ್ಲಿ ಅದ್ದಿದ ಕುಂಚದಿಂದ ಬರೆಯುವ ಬಟ್ಟೆ. ಮೂರಕ್ಕೂ ಒರೆಗಲ್ಲಾಗಿ ‘ನಾನು’ ಎಂಬ ಅರ್ಥದ ‘ವೊ’ ಅಕ್ಷರವನ್ನು ಆರಿಸಿಕೊಂಡೆ. ಇದರಲ್ಲಿ 7 ಗೆರೆಗಳಿವೆ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಎಂಬ ಸಾಮಾನ್ಯ ನಿಯಮವನ್ನೇ ನಂಬಿದವರು ಇಲ್ಲಿ ಎಡವುತ್ತಾರೆ, ಏಕೆಂದರೆ ಬಲಗಡೆಯ ಮೇಲ್ತುದಿಯಲ್ಲಿರುವ ಚುಕ್ಕೆಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ಇಡಬೇಕು.

ತಿದ್ದುವ ಪುಸ್ತಕದಲ್ಲಿ ಪ್ರತಿ ಚೌಕವೂ ನಡುವಿನ ಅಡ್ಡ ಮತ್ತು ಲಂಬ ಗೆರೆಗಳಿಂದ ನಾಲ್ಕು ಭಾಗವಾಗಿರುತ್ತದೆ. ಅದರೊಳಗೆ ತಿಳಿಬಣ್ಣದಲ್ಲಿ ಅಚ್ಚಾದ ಅಕ್ಷರದ ಮೇಲೆ ನಾವು ಪೆನ್ನು ಆಡಿಸುತ್ತೇವೆ. ಯಾವ ಗೆರೆ ಎಲ್ಲಿ ಆರಂಭವಾಗಬೇಕು, ಎಷ್ಟು ಉದ್ದವಿರಬೇಕು ಎಂಬ ಅಳತೆಯನ್ನು ಕಲಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಕ್ರಮದ ವಿಷಯದಲ್ಲಿ ಅದು ಮೌನವಾಗಿದೆ: ಚುಕ್ಕೆಯನ್ನು ಮೊದಲೇ ಇಟ್ಟರೂ ಮುಗಿದ ಅಕ್ಷರದಲ್ಲಿ ಆ ತಪ್ಪು ಕಾಣುವುದಿಲ್ಲ. ಇನ್ನೂ ದೊಡ್ಡ ಕೊರತೆಯೆಂದರೆ, ತಿದ್ದುವಾಗ ಕಣ್ಣು ದಾರಿ ತೋರಿಸುತ್ತದೆಯೇ ಹೊರತು ನೆನಪು ಕೆಲಸ ಮಾಡುವುದಿಲ್ಲ.

ಆ್ಯಪ್ ಇದಕ್ಕೆ ತದ್ವಿರುದ್ಧ. ಖಾಲಿ ಪರದೆಯ ಮೇಲೆ ನೆನಪಿನಿಂದ ಬರೆಯಬೇಕು. ಕ್ರಮ ತಪ್ಪಿದ ಕೂಡಲೇ ಆ ಗೆರೆಯನ್ನು ಅದು ಒಪ್ಪದೆ ತಿರಸ್ಕರಿಸುತ್ತದೆ. ನನ್ನ ಕೈಯಲ್ಲಿ ಕ್ರಮವು ನೆಲೆ ನಿಂತದ್ದು ಈ ತಕ್ಷಣದ ತಿದ್ದುಪಡಿಯಿಂದಲೇ. ಆದರೆ ನಾನು ಬಳಸಿದ ಆ್ಯಪ್ ಸೊಟ್ಟಗೆ ಎಳೆದ ಗೆರೆಯನ್ನೂ ತಾನೇ ನೇರಗೊಳಿಸಿ ತೋರಿಸುತ್ತಿದ್ದುದರಿಂದ, ಅಕ್ಷರದ ಅಂದ ಮಾತ್ರ ಸುಧಾರಿಸಲಿಲ್ಲ.

ಕುಂಚದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನೀರು ತಾಗಿದಲ್ಲಿ ಬಟ್ಟೆ ಕಪ್ಪಾಗಿ, ಒಣಗಿದಂತೆ ಬರೆದದ್ದು ಮಾಯವಾಗುತ್ತದೆ. ಶಾಯಿಯೂ ಬೇಡ, ಕಾಗದವೂ ಬೇಡ. ಇದು ಕ್ರಮವನ್ನು ಪರೀಕ್ಷಿಸುವುದಿಲ್ಲ, ಆದರೆ ಕ್ರಮಕ್ಕೆ ಕಾರಣವೇನೆಂಬುದನ್ನು ಕೈಗೆ ತಿಳಿಸುತ್ತದೆ. ‘ವೊ’ ಅಕ್ಷರದ ನಾಲ್ಕನೆಯ ಗೆರೆಯು ಎಡಗಡೆ ಕೆಳಗಿನಿಂದ ಬಲಕ್ಕೆ ಮೇಲೇರುತ್ತದೆ. ಪೆನ್ನಿನಲ್ಲಿ ಬರೆಯುವಾಗ ಅದು ಬರಿಯ ಓರೆಗೆರೆ. ಕುಂಚದಲ್ಲಿ ಬರೆದಾಗ ಆ ಏರಿಕೆಯೇ ಮುಂದಿನ ಉದ್ದನೆಯ ಕೊಕ್ಕೆಗೆರೆ ಆರಂಭವಾಗುವ ಕಡೆಗೆ ಕೈಯನ್ನು ಒಯ್ಯುತ್ತದೆ. ಒಂದೇ ಸುತ್ತಿನಲ್ಲಿ ದುಂಡಗೆ ಬರೆದು ರೂಢಿಯಿರುವ ಕನ್ನಡಿಗರ ಕೈಗೆ, ಬಿಡಿಬಿಡಿಯಾಗಿ ಕಾಣುವ ಈ ಗೆರೆಗಳ ನಡುವೆಯೂ ಓಟವೊಂದು ಇದೆಯೆಂದು ಮನವರಿಕೆಯಾಗುವುದು ಇಲ್ಲಿಯೇ.

ಯಾವ ಸಾಧನವನ್ನು ಕೊಂಡರೂ ಅದು ಯಾವ ದೇಶದ ಕ್ರಮವನ್ನು ಅನುಸರಿಸುತ್ತದೆ ಎಂದು ಮೊದಲು ನೋಡಿಕೊಳ್ಳಿ. ‘ರಾಜ’ ಎಂಬ ಅರ್ಥದ ‘ವಾಂಗ್’ ಅಕ್ಷರದಲ್ಲಿ ಚೀನಾದವರು ಮೇಲಿನ ಎರಡು ಅಡ್ಡಗೆರೆಗಳನ್ನು ಎಳೆದು ಆಮೇಲೆ ಲಂಬಗೆರೆಗೆ ಬರುತ್ತಾರೆ. ಜಪಾನಿನವರು ಒಂದೇ ಅಡ್ಡಗೆರೆಯ ನಂತರ ಲಂಬಗೆರೆಯನ್ನು ಎಳೆಯುತ್ತಾರೆ. ಜಪಾನಿನ ಶಾಲೆಗಳಿಗಾಗಿ 1958ರಲ್ಲಿ ಹೊರಬಂದ ಕೈಪಿಡಿ 881 ಅಕ್ಷರಗಳ ಕ್ರಮವನ್ನು ಕೊಟ್ಟಿತು; ಚೀನಾದಲ್ಲಿ 2021ರ ಮಾರ್ಚಿನಿಂದ ಜಾರಿಯಲ್ಲಿರುವ ಮಾನಕವು 8105 ಅಕ್ಷರಗಳ ಕ್ರಮವನ್ನು ನಿಗದಿಪಡಿಸುತ್ತದೆ. ಜಪಾನಿನ ಪುಸ್ತಕವನ್ನೂ ಚೀನಾದ ಆ್ಯಪನ್ನೂ ಬೆರೆಸಿದರೆ ಗೊಂದಲ ತಪ್ಪದು.

ನನ್ನ ಆಯ್ಕೆ ಹೀಗಿದೆ: ಕ್ರಮಕ್ಕಾಗಿ ಮೊದಲು ಆ್ಯಪ್, ಅದರಲ್ಲಿ ತಪ್ಪಿಲ್ಲದೆ ಬರೆದ ಅಕ್ಷರವನ್ನು ಅದೇ ದಿನ ಮಾದರಿಯಿಲ್ಲದ ಖಾಲಿ ಚೌಕದ ಹಾಳೆಯಲ್ಲಿ ನೆನಪಿನಿಂದ ಬರೆಯುವುದು, ಬಿಡುವಿದ್ದಾಗ ಕುಂಚ. ತಿದ್ದುವ ಪುಸ್ತಕವನ್ನು ಅಳತೆ ಕೆಟ್ಟಾಗ ಮಾತ್ರ ತೆರೆಯುತ್ತೇನೆ. ಕ್ರಮಕ್ಕೆ ಇಷ್ಟು ಮಹತ್ವ ಕೊಡಲು ವ್ಯಾವಹಾರಿಕ ಕಾರಣವೂ ಇದೆ. ಚೀನೀ ಫೋನುಗಳಲ್ಲಿ ಗೆರೆಯ ಜಾತಿಗಳನ್ನು ಅಡ್ಡ, ಲಂಬ, ಎಡಕ್ಕಿಳಿಯುವುದು, ಚುಕ್ಕೆ, ಮುರಿದದ್ದು ಎಂದು ಇದೇ ಅನುಕ್ರಮದಲ್ಲಿ 1ರಿಂದ 5ರವರೆಗಿನ ಐದು ಕೀಲಿಗಳಲ್ಲಿ ಒತ್ತಿ ಅಕ್ಷರವನ್ನು ಹುಡುಕುವ ವಿಧಾನವಿದೆ. ಅದರಲ್ಲಿ ‘ವೊ’ ಅಕ್ಷರದ ಸರಣಿ 3121534. ಚುಕ್ಕೆಯನ್ನು ಮೊದಲು ಇಡುವವರಿಗೆ ಆ ಸರಣಿ 4ರಿಂದ ಆರಂಭವಾಗುವುದರಿಂದ, ಅವರು ಹುಡುಕುವ ಅಕ್ಷರ ಪಟ್ಟಿಯಲ್ಲಿ ಸಿಗುವುದೇ ಇಲ್ಲ.