ಲೂನಾರ್, ಹೊಲಾಜಿಕ್, ಹಿಮ್ಮಡಿ ಯಂತ್ರ: ಸವೆದಿದ್ದು ಮೂಳೆಯೋ, ಬದಲಾಗಿದ್ದು ಯಂತ್ರವೋ?

ಹೋದ ವರ್ಷದ ಡೆಕ್ಸಾ (ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್‌ರೇ ಸ್ಕ್ಯಾನ್) ರಿಪೋರ್ಟು ಬೆಂಗಳೂರಿನದು, ಈ ವರ್ಷದ್ದು ತುಮಕೂರಿನದು. ಬೆನ್ನುಮೂಳೆಯ ಸಾಂದ್ರತೆ 0.935ರಿಂದ 0.822ಕ್ಕೆ ಇಳಿದಿದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ 12% ನಷ್ಟ. ಗಾಬರಿಯಾಗುವ ಮುಂಚೆ ಎರಡೂ ಹಾಳೆಗಳಲ್ಲಿ ಯಂತ್ರದ ಹೆಸರು ಹುಡುಕಿ. ಮೊದಲನೆಯದು ಲೂನಾರ್, ಎರಡನೆಯದು ಹೊಲಾಜಿಕ್ ಆಗಿದ್ದರೆ ಮೂಳೆ ಇದ್ದಲ್ಲೇ ಇರಬಹುದು. ಬೆನ್ನುಮೂಳೆಯ ಲೂನಾರ್ ಅಂಕಿಯನ್ನು ಹೊಲಾಜಿಕ್ ಅಂಕಿಗೆ ಬದಲಿಸಲು ಬಳಕೆಯಲ್ಲಿರುವ ಸೂತ್ರ ಇದು: ಲೂನಾರ್ ಅಂಕಿಯನ್ನು 0.906ರಿಂದ ಗುಣಿಸಿ 0.025 ಕಳೆಯಿರಿ. 0.935ಕ್ಕೆ ಬರುವ ಉತ್ತರ 0.822!

ಹೊಲಾಜಿಕ್ ಎಕ್ಸ್‌ರೇ ಕೊಳವೆಯ ವೋಲ್ಟೇಜನ್ನೇ ಏರಿಳಿಸಿ ಎರಡು ಶಕ್ತಿಯ ಕಿರಣ ಪಡೆಯುತ್ತದೆ, ಲೂನಾರ್ ಸೀರಿಯಂ ಫಿಲ್ಟರಿನಲ್ಲಿ ಸೋಸುತ್ತದೆ. ಮೂಳೆಯ ಅಂಚು ಗುರುತಿಸುವ ರೀತಿಯೂ ಬೇರೆ. ಅಂಕಿ ಬರುವುದು ಚದರ ಸೆಂ.ಮೀ.ಗೆ ಇಷ್ಟು ಗ್ರಾಂ ಅಂತ, ಹಾಗಾಗಿ ಅಂಚು ಸರಿದರೆ ಭಾಗಾಕಾರವೂ ಸರಿಯುತ್ತದೆ. ಸೂತ್ರ ಗುಂಪಿನ ಸರಾಸರಿಗೆ ಹೊಂದುವಂಥದ್ದು, ಒಬ್ಬರ 3% ಇಳಿಕೆ ಹಿಡಿಯಲು ಅದನ್ನು ನಂಬಬೇಡಿ. ಒಂದೇ ಯಂತ್ರದಲ್ಲೂ ಬೆನ್ನಿಗೆ 5.3%, ಪೂರ್ತಿ ಸೊಂಟದ ಕೀಲಿಗೆ 5%, ತೊಡೆಮೂಳೆಯ ಕತ್ತಿಗೆ 6.9% ದಾಟಿದ ಬದಲಾವಣೆಯನ್ನಷ್ಟೇ ನಿಜವೆನ್ನಬಹುದು. ಯಾವ ಸೆಂಟರಿನ ಮಿತಿಯೂ ಇದಕ್ಕಿಂತ ಹೆಚ್ಚಿರಬಾರದು. ಒಳ್ಳೆಯ ಸೆಂಟರು ತನ್ನ ಮಿತಿಯನ್ನು ತಾನೇ ಅಳೆದಿಟ್ಟಿರುತ್ತದೆ, ಕೇಳಿ ನೋಡಿ.

ಶಿಬಿರಗಳಲ್ಲಿ ಜೆಲ್ ಹಚ್ಚಿ ಹಿಮ್ಮಡಿಗೆ ಹಿಡಿಯುವ ಅಲ್ಟ್ರಾಸೌಂಡ್ ಈ ಪಂದ್ಯಕ್ಕೇ ಬರುವುದಿಲ್ಲ. ಅದು ಶಬ್ದದ ವೇಗ ಮತ್ತು ಕುಗ್ಗುವಿಕೆ ನೋಡುತ್ತದೆ, ಸಾಂದ್ರತೆಯನ್ನಲ್ಲ. ಅಲ್ಲಿ ಟಿ-ಸ್ಕೋರ್ (ಯೌವನದ ಸರಾಸರಿಗೆ ಹೋಲಿಸಿದ ಅಂಕಿ) -2.5 ಬಂತೆಂದು ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ, ಎನ್ನುವಂತಿಲ್ಲ, ಔಷಧ ಹಿಡಿಯುತ್ತಿದೆಯೇ ಎಂದು ನೋಡಲೂ ಆಗದು. ಡೆಕ್ಸಾ ಬೇಕೇ ಬೇಡವೇ ಅನ್ನುವುದಕ್ಕೆ ಸಾಕು, ಅಷ್ಟೆ.

ಯಂತ್ರ ಒಂದೇ ಆದರೂ ಮೋಸವಾಗುವುದು ಮೇಜಿನ ಮೇಲೆ. ಬೆಳ್ಳಿ ಉಡಿದಾರ, ತಾಯಿತ, ಲಂಗದ ಹುಕ್ಕು, ಸೆರಗಿನ ಪಿನ್ನು ಎಲ್ಲ ತೆಗೆಯಬೇಕು. ನುಂಗಿದ ಕ್ಯಾಲ್ಸಿಯಂ ಮಾತ್ರೆ ಕರಗದೆ ಬೆನ್ನುಮೂಳೆಯ ಎದುರು ನಿಂತರೆ ಅದೂ ಲೆಕ್ಕಕ್ಕೆ ಸೇರುತ್ತದೆ, ಅಂದು ಬೆಳಗ್ಗೆ ಬಿಡಿ. ಸೊಂಟದ ಸ್ಕ್ಯಾನಿಗೆ ಪಾದವನ್ನು ಒಳಕ್ಕೆ 15ರಿಂದ 25 ಡಿಗ್ರಿ ತಿರುಗಿಸಿ ಕಟ್ಟದಿದ್ದರೆ ಕತ್ತಿನ ಭಾಗ ಗಿಡ್ಡವಾಗಿ ಕಂಡು ಅಂಕಿ ಏರುತ್ತದೆ. ಎರಡೂ ಚಿತ್ರ ಹೋಲಿಸಿ: ತೊಡೆಮೂಳೆಯ ಒಳಬದಿಯ ಸಣ್ಣ ಉಬ್ಬು ಒಂದರಲ್ಲಿ ದಪ್ಪಗೆ, ಇನ್ನೊಂದರಲ್ಲಿ ಮರೆಯಾಗಿದ್ದರೆ ಕಾಲು ಇಟ್ಟ ರೀತಿಯೇ ಬೇರೆ.

ನಮ್ಮ ಕಡೆಗೆ ಇನ್ನೊಂದು ತೊಡಕುಂಟು. ಪಾವಗಡ, ಬಾಗೇಪಲ್ಲಿ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡು ವರ್ಷಗಟ್ಟಲೆ ಮೈಸೇರಿದವರ ಬೆನ್ನುಮೂಳೆ ಗಟ್ಟಿಯಾಗಿ, ಟಿ-ಸ್ಕೋರ್ ಚೆನ್ನಾಗಿಯೇ ಬರಬಹುದು. ಸಾಂದ್ರತೆ ಇದೆ, ಕಸುವಿಲ್ಲ. ವಯಸ್ಸಾದವರಲ್ಲಿ ಕೀಲುಸವೆತದ ಮೊನೆಗಳೂ ಹೀಗೇ ಅಂಕಿ ಏರಿಸುತ್ತವೆ. ಅಂಥವರ ರಿಪೋರ್ಟಿನಲ್ಲಿ ಬೆನ್ನು ಮಾತ್ರ ಇದ್ದರೆ ಸೊಂಟದ ಕೀಲನ್ನೂ ತೆಗೆಯಲು ಹೇಳಿ, ಜೊತೆಗೆ ಬೆನ್ನಿನ ಎಕ್ಸ್‌ರೇ ಒಂದನ್ನು ಡಾಕ್ಟರಿಗೆ ತೋರಿಸಿ.